ಬಿಳಿ ಹಲ್ಲಿನ ಪಂಕ್ತಿ

ಜಪಾನಿನ ಓಯಿಶಿದದ ದೋಣಿಕಟ್ಟೆ ಕೇರಿಯಲ್ಲಿ ಸೆಕಿಯಷ್ಟು ಕಪ್ಪು ಹಲ್ಲು ಇನ್ನೊಬ್ಬಳಿಗಿರಲಿಲ್ಲ. ಇದು ಅವಳು ತಾನಾಗಿ ಹೇಳಿಕೊಂಡ ಮಾತಲ್ಲ, ಅವಳನ್ನು ಕಂಡರೆ ಆಗದವರೂ ಒಪ್ಪಿಕೊಂಡ ಮಾತು. ಅರಗು ಬಳಿದ ಬಟ್ಟಲಿನ ಹಾಗೆ ಹೊಳೆಯುವ, ಸಂದಿಯಲ್ಲೂ ಒಂದು ಚುಕ್ಕೆ ಬಿಳುಪು ಕಾಣದ, ಮೂವತ್ತೈದು ವರ್ಷ ದಿನ ಬಿಟ್ಟು ದಿನ ಹಚ್ಚಿ ಹಚ್ಚಿ ಕಟ್ಟಿದ ಕಪ್ಪು. ಗಂಡ ಜಿಂಪಾಚಿ ಮರದ ತೊಟ್ಟಿ, ಪೀಪಾಯಿ ಕಟ್ಟುವವನು, ಅಂದರೆ ಊರ ದೊಡ್ಡವರ ಲೆಕ್ಕದಲ್ಲಿ ಏನೂ ಅಲ್ಲದವನು. ಮನೆ ಎರಡಂಕಣದ್ದು. ಮಕ್ಕಳಾಗಲಿಲ್ಲ. ಆದರೂ ಮದುವೆಮನೆಯಲ್ಲಿ ಹೆಂಗಸರ ಪಂಕ್ತಿ ಕೂತರೆ ಸೆಕಿ ಅಕ್ಕಿ ಮಂಡಿಯವನ ಹೆಂಡತಿಗಿಂತ ಮೇಲೆ ಕೂರುತ್ತಿದ್ದಳು. ಯಾಕೆಂದರೆ ಅವಳು ಮೂವತ್ತೊಂದು ಹೆಣ್ಣುಮಕ್ಕಳಿಗೆ ಹಲ್ಲುತಾಯಿ.

ಮದುವೆಯಾಗುವ ಹುಡುಗಿಯ ಹಲ್ಲಿಗೆ ಮೊದಲ ಕಪ್ಪನ್ನು ಹೆತ್ತವಳು ಹಚ್ಚುವ ಹಾಗಿಲ್ಲ. ಬೇರೆ ಮನೆಯ, ಗಂಡ ಬದುಕಿರುವ, ನಾಲಿಗೆ ನೆಟ್ಟಗಿರುವ ಒಬ್ಬ ಹೆಂಗಸನ್ನು ಕರೆಯಬೇಕು. ಅವಳು ಏಳು ಮನೆಗೆ ಹೋಗಿ ಏಳು ಗಡಿಗೆಯಿಂದ ಒಂದೊಂದು ಸೌಟು ಕಬ್ಬಿಣದ ನೀರು ತರಬೇಕು. ಮುರಿದ ಮೊಳೆ, ಸವೆದ ಕುಡುಗೋಲು, ಗಂಜಿ, ಹಳಸಿದ ಟೀ, ಒಂದು ತೊಟ್ಟು ಸಾಕೆ ಎಂಬ ಅಕ್ಕಿಹೆಂಡ, ಎಲ್ಲ ಸೇರಿ ತಿಂಗಳುಗಟ್ಟಲೆ ಕೊಳೆತ ನೀರದು. ಅದನ್ನು ಮಾಚಿಕಾಯಿ ಪುಡಿಯ ಜೊತೆ ಕುಂಚದಲ್ಲಿ ಹಚ್ಚಿದವಳು ಅಲ್ಲಿಂದ ಮುಂದಕ್ಕೆ ಸಾಯುವತನಕ ತಾಯಿ. ವರ್ಷದ ಹಬ್ಬಕ್ಕೆ ಅವಳಿಗೆ ಅಕ್ಕಿಕಡುಬು ಬರುತ್ತದೆ, ಬಾಣಂತನಕ್ಕೆ ಅವಳನ್ನೇ ಕರೆಯುತ್ತಾರೆ, ಗಂಡ ಹೊಡೆದರೆ ಹುಡುಗಿ ಓಡಿಬರುವುದೂ ಅವಳ ಮನೆಗೇ. ಒಬ್ಬಳೇ ಹಚ್ಚಿದ ಮಕ್ಕಳೆಲ್ಲ ತಮ್ಮತಮ್ಮಲ್ಲಿ ಅಕ್ಕತಂಗಿಯರು. ಹೊಟ್ಟೆಯಲ್ಲಿ ಒಂದನ್ನೂ ಹೊರದ ಸೆಕಿ ಈ ದಾರಿಯಲ್ಲಿ ಮೂವತ್ತೊಂದು ಹೆತ್ತಿದ್ದಳು.

ಆ ನೀರಿನ ವಾಸನೆಯ ವಿಚಾರ ಎತ್ತದಿರುವುದೇ ವಾಸಿ. ಗಂಡಂದಿರು ಏಳುವ ಮೊದಲೇ ಹಚ್ಚಿ, ಬಾಯಿ ಮುಕ್ಕಳಿಸಿ, ಕಿಟಕಿ ತೆರೆದಿಟ್ಟು, ಏನೂ ಆಗಿಲ್ಲವೆಂಬಂತೆ ಒಲೆ ಹೊತ್ತಿಸಬೇಕು. ಹೆಂಡತಿಯ ಚೆಲುವು ಗಂಡನಿಗೆ ಕಾಣಬೇಕು, ಅದು ಹುಟ್ಟಿದ ಕಷ್ಟ ಮೂಗಿಗೂ ಬೀಳಬಾರದು. ಚೆಲುವಿನ ಶಾಸ್ತ್ರವನ್ನು ಮೊದಲು ಬರೆದವನು ಬಹುಶಃ ತಡವಾಗಿ ಏಳುವ ಗಂಡಸು.

ಮೂವತ್ತೊಂದು ಮಕ್ಕಳಲ್ಲಿ ದೊಡ್ಡಮನೆಯವಳು ಒಬ್ಬಳೂ ಇರಲಿಲ್ಲ. ದೋಣಿ ನಡೆಸುವವನ ಹೆಂಡತಿ, ಬಡಗಿಯ ಹೆಂಡತಿ, ತೋಫು ಮಾರುವ ಕುಮಾ, ಇಂಥವರೇ. ಸೆಕಿಗೆ ಬೇಕಿದ್ದವಳು ಫುಮಿ. ಕುಸುಬೆ ವ್ಯಾಪಾರದ ಶಿಬಾ ಮನೆಯ ಒಬ್ಬಳೇ ಮಗಳು. ಆ ಮನೆಯಿಂದ ಹೂವಿನ ಬಿಲ್ಲೆ ದೋಣಿ ಹತ್ತಿ ಕ್ಯೋತೋಗೆ ಹೋಗಿ, ಅಲ್ಲಿನವರ ತುಟಿಗೆ ಕೆಂಪಾಗುತ್ತಿತ್ತು. ಹೂ ಬಿಡಿಸುವ ಹುಡುಗಿಯರ ಬೆರಳು ಮುಳ್ಳು ಚುಚ್ಚಿ ಇಲ್ಲೇ ಕೆಂಪಾಗುತ್ತಿತ್ತು, ಆ ಕೆಂಪನ್ನು ಕೊಳ್ಳುವವರಿರಲಿಲ್ಲ. ಸೆಕಿಯೂ ಬೇಸಿಗೆಯಲ್ಲಿ ಹೂ ಬಿಡಿಸಲು ಆ ಮನೆಗೆ ಹೋಗುತ್ತಿದ್ದವಳೇ. ಫುಮಿಯ ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಮಾಡಿನ ಮೇಲೆ ಎಸೆದುಕೊಟ್ಟವಳು ಅವಳು. ಅಂದಿನಿಂದ ಹತ್ತು ವರ್ಷ ಅವಳ ಮನಸ್ಸಿನಲ್ಲಿ ಒಂದೇ ಆಸೆ: ಈ ಬಾಯಿಗೆ ಮೊದಲ ಕಪ್ಪು ನನ್ನ ಕೈಯಿಂದ, ಇವಳ ಮದುವೆಯ ಪಂಕ್ತಿಯಲ್ಲಿ ಮೊದಲ ಮಣೆ ನನಗೆ.

ಅಷ್ಟರಲ್ಲಿ ಸರ್ಕಾರ ಬಂತು. ಸರ್ಕಾರ ಮೊದಲೂ ಇತ್ತು, ಆದರೆ ಅದಕ್ಕೆ ಅಕ್ಕಿ ಕೊಟ್ಟರೆ ಸುಮ್ಮನಾಗುತ್ತಿತ್ತು. ಹೊಸ ಚಕ್ರವರ್ತಿಯ ಮೇಜಿ ಸರ್ಕಾರಕ್ಕೆ ಜನರ ಮೈಮೇಲಿನದೂ ಬೇಕಾಯಿತು. ಮೊದಲು ಗಂಡಸರ ಜುಟ್ಟಿಗೆ ಕೈಹಾಕಿತು. ಹೊಟ್ಟೆಗೆ ಹಿಟ್ಟಿಲ್ಲದವರಿಗೂ ಜುಟ್ಟಿತ್ತು, ಅದೂ ಹೋಯಿತು. ಆಮೇಲೆ ಪಂಚಾಂಗಕ್ಕೆ ಕೈಹಾಕಿತು. ಹನ್ನೆರಡನೆಯ ತಿಂಗಳ ಎರಡನೆಯ ದಿನ ಮಲಗಿದ ಊರು ಬೆಳಿಗ್ಗೆ ಎದ್ದರೆ ಹೊಸ ವರ್ಷ. ನಡುವಿನ ದಿನಗಳು ಎಲ್ಲಿ ಹೋದವೆಂದು ಜಿಂಪಾಚಿ ಕೇಳಿದ್ದಕ್ಕೆ, ತೋಕ್ಯೋದವರು ಇಟ್ಟುಕೊಂಡಿದ್ದಾರೆ ಎಂದು ಉತ್ತರ ಬಂತು. ಉಳಿದದ್ದು ಹೆಂಗಸರ ಬಾಯಿ. ಹಲ್ಲಿಗೆ ಕಪ್ಪು ಹಚ್ಚುವುದು, ಹುಬ್ಬು ಬೋಳಿಸುವುದು ನಾಗರಿಕರ ಲಕ್ಷಣವಲ್ಲವಂತೆ. ಪರದೇಶದವರು ನೋಡಿ ನಗುತ್ತಾರಂತೆ. ಆ ಪರದೇಶದ ಹೆಂಗಸರು ಉಸಿರು ಕಟ್ಟುವ ಹಾಗೆ ಸೊಂಟಕ್ಕೆ ಹುರಿ ಬಿಗಿದುಕೊಂಡು ಮೂರ್ಛೆ ಹೋಗುತ್ತಾರೆ ಎಂಬ ಸುದ್ದಿ ಮಾತ್ರ ಹಲಗೆಗೆ ಅಂಟಿಸಿದ ಕಾಗದದಲ್ಲಿರಲಿಲ್ಲ.

ಮೇಜಿ ಆರನೇ ವರ್ಷದ ವಸಂತದಲ್ಲಿ ಇನ್ನೊಂದು ಸುದ್ದಿ ಬಂತು. ಮಹಾರಾಣಿಯವರೇ ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡರಂತೆ. ಅಪ್ಪಣೆಗೆ ಜಗ್ಗದ ಹೆಂಗಸರು ಈ ಸುದ್ದಿಗೆ ಜಗ್ಗಿದರು. ಫುಮಿಯ ತಾಯಿ ಮಿನೆಯಮ್ಮ ಊರಿಗೇ ಮೊದಲು ಹಲ್ಲು ಉಜ್ಜಿಸಿಕೊಂಡಳು. ಮಸೆಗಲ್ಲಿನ ಪುಡಿ ಮತ್ತು ಉಮೆ ಕಾಯಿಯ ಹುಳಿಯಲ್ಲಿ ಮೂರು ದಿನ ಉಜ್ಜಿದ್ದಾಯಿತು. ನಾಲ್ಕನೆಯ ದಿನ ಬಿಸಿ ಟೀ ಬಾಯಿಗಿಟ್ಟವಳು ಚೀರಿ ಬಟ್ಟಲು ಕೆಳಗಿಟ್ಟಳು. ಒಳಗಿನ ಹಲ್ಲಿಗೆ ಬಿಸಿಯೂ ತಾಗುತ್ತಿತ್ತು, ತಂಪೂ ತಾಗುತ್ತಿತ್ತು. ಅಂದಿನಿಂದ ಶಿಬಾ ಮನೆಯಲ್ಲಿ ಟೀ ಆರಿಸಿ ಕುಡಿಯುವುದು ಪದ್ಧತಿಯಾಯಿತು. ತಿಂಗಳೊಳಗೆ ಊರಿನ ಮರ್ಯಾದಸ್ಥರ ಮನೆಗಳಲ್ಲೆಲ್ಲ ಆರಿದ ಟೀ. ಬಿಸಿ ಟೀ ಕುಡಿಯುವವರು ಹಳ್ಳಿಗುಗ್ಗುಗಳು.

ಸೆಕಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು, ಬಾಗಿಲಲ್ಲಿ ಬಗ್ಗಿ ನಮಸ್ಕಾರ ಮಾಡಿ ಹೇಳಿಹೋದರು. "ಅವ್ವ, ತಪ್ಪು ತಿಳ್ಕೋಬೇಡ. ನಮ್ಮತ್ತೆ ಹೇಳಿದ್ರು." "ಅವ್ವ, ನಮ್ಮನೆಯವ್ರು ಹೇಳಿದ್ರು."

"ನಿಮ್ಮನೆಯವ್ನು ಹೇಳಿದ್ನಾ? ಅವ್ನ ಹಲ್ಲು ಅವ್ನು ಯಾವತ್ತಾದ್ರೂ ತಿಕ್ಕಿದ್ನೇನೇ?" ಎಂದು ಸೆಕಿ ಬಾಯ್ತುಂಬ ಬೈದು ಕಳಿಸಿದಳು. ನಗುವ ಮುಂಚೆ ಅವರೆಲ್ಲ ಕಿಮೋನೊದ ತೋಳಿನ ಅಂಚನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು. ಕಪ್ಪಿದ್ದಾಗ ಈ ಹುಡುಗಿಯರು ಗಂಟಲು ಕಾಣುವ ಹಾಗೆ ನಕ್ಕವರು. ಈಗ ಬಾಯಿ ಬಿಟ್ಟರೆ ಬಣ್ಣಗೇಡು. ಬೇಸಿಗೆ ಮುಗಿಯುವ ಹೊತ್ತಿಗೆ ಮೂವತ್ತು ಬಾಯಿ ಬೆಳ್ಳಗಾಗಿದ್ದವು. ಕುಮಾ ಒಬ್ಬಳು ಹಾಗೇ ಇದ್ದಳು.

ಕುಮಾ ಹೆಗಲ ಕಾವಡಿಯ ಎರಡು ತುದಿಗೆ ತೊಟ್ಟಿ ತೂಗಿಸಿಕೊಂಡು ಬೀದಿ ಬೀದಿಯಲ್ಲಿ ತೋಫು ಮಾರುವವಳು. ತಬ್ಬಲಿಯಾಗಿ ಬೆಳೆದು, ಕುಂಟನೊಬ್ಬನನ್ನು ಮದುವೆಯಾಗಿ, ಅವನನ್ನೂ ಹೊತ್ತುಕೊಂಡೇ ಬದುಕಿದವಳು. ವಾರಕ್ಕೊಮ್ಮೆ ಸೆಕಿಯ ಹಿತ್ತಲಿಗೆ ಬಂದು ಒಂದು ಸೌಟು ಕಬ್ಬಿಣದ ನೀರು ಕೇಳಿ, ಬದಲಿಗೆ ಒಂದು ಮುರುಕು ತೋಫು ಇಟ್ಟುಹೋಗುತ್ತಿದ್ದಳು.

"ನೀನ್ಯಾಕೆ ಉಜ್ಜಿಸ್ಕೊಂಡಿಲ್ವೇ? ಎಲ್ರೂ ಮಹಾರಾಣಿ ಆದ್ರು, ನೀನೊಬ್ಳು ಬಾಕಿ" ಎಂದು ಸೆಕಿ ಕೆಣಕಿದಳು.

"ಅವ್ವ ಹಚ್ಚಿದ್ದನ್ನ ನಾನ್ಯಾಕೆ ತೆಗೀಲಿ?" ಎಂದಳು ಕುಮಾ. "ಅದೂ ಅಲ್ದೆ ನನ್ನ ಬಾಯಿ ಯಾರು ನೋಡ್ತಾರೆ? ಎಲ್ರೂ ತೋಫು ನೋಡ್ತಾರೆ."

ಸೆಕಿಗೆ ಈ ಉತ್ತರ ಹಿಡಿಸಿತು. ಹಿಡಿಸಿದ್ದನ್ನು ಹೇಳಲಿಲ್ಲ. ಮೂವತ್ತೊಂದರಲ್ಲಿ ಉಳಿದವಳು ಇವಳೇ ಆಗಬೇಕಿತ್ತೆ ಎಂಬ ಬೇಸರವೂ ಅದರ ಜೊತೆಗಿತ್ತು. ಮನುಷ್ಯರ ಮನಸ್ಸು ಹಾಗೆ, ಕೈಯಲ್ಲಿರುವ ಮಗುವಿನ ತಲೆ ನೇವರಿಸುತ್ತ ಎದುರುಮನೆಯ ತೊಟ್ಟಿಲು ನೋಡುತ್ತದೆ.

ಎಂಟನೆಯ ತಿಂಗಳಲ್ಲಿ ಶಿಬಾ ಮನೆಯಿಂದ ಕರೆ ಬಂತು. ಸೆಕಿ ಇದ್ದ ಒಂದೇ ಒಳ್ಳೆಯ ಕಿಮೋನೊ ಉಟ್ಟು, ಹಲ್ಲಿಗೆ ಇನ್ನೊಂದು ಸಲ ಕಪ್ಪು ಹಚ್ಚಿ ಹೊರಟಳು.

"ಬಾ ಸೆಕಿಯಕ್ಕ, ಕೂತ್ಕೊ" ಎಂದಳು ಮಿನೆಯಮ್ಮ. ಆರಿದ ಟೀ ಬಂತು. "ಫುಮಿಗೆ ಓಬಾನಜಾವಾದಲ್ಲಿ ಗಂಡು ಗೊತ್ತಾಯ್ತು. ಸಾಸಾ ಮನೆ, ಹಳೇ ಮನೆತನ. ಹನ್ನೊಂದನೇ ತಿಂಗಳು ಮದುವೆ. ಹಲ್ಲುತಾಯಿ ನೀನೇ ಆಗ್ಬೇಕು."

ಸೆಕಿಯ ಕಣ್ಣು ತುಂಬಿದವು. "ಮಿನೆಯಮ್ಮ, ಏಳು ಮನೆ ಯಾವ್ಯಾವ್ದು ಅಂತ ನಾನು ಯಾವತ್ತೋ ಆರಿಸಿಟ್ಟಿದೀನಿ. ಒಂದು ಮನೇಲೂ ಸಾವಿಲ್ಲ, ಜಗಳ ಇಲ್ಲ, ಎಲ್ರ ಗಡಿಗೇನೂ ಮೂರು ವರ್ಷದ ಮೇಲಿಂದು."

"ಅಯ್ಯೋ ನಿನ್ನ ಮಾತೇ! ಈಗ ಕಪ್ಪು ಯಾರು ಹಚ್ತಾರೆ? ಹಲ್ಲುತಾಯಿ ಬೇಕು ಕಣೇ, ಕಪ್ಪು ಬೇಡ."

"ಕಪ್ಪು ಬೇಡ ಅಂದ್ರೆ ನಾನೇನ್ ಹಚ್ಲಿ?"

"ಏನಾದ್ರೂ ಬಿಳೀದು. ಪದ್ಧತಿ ಬಿಡೋಕಾಗಲ್ಲ, ಆ ಕಡೆಯೋರು ಹಳಬ್ರು. ಹಾಗಂತ ಹಿಂದಕ್ಕೂ ಹೋಗೋಕಾಗಲ್ಲ."

ಸೆಕಿ ಒಂದು ಗಳಿಗೆ ಯೋಚಿಸಿದಳು. ಅವಳ ಕಣ್ಣಮುಂದೆ ಮೊದಲ ಮಣೆ ಇತ್ತು. "ಉಪ್ಪು ಇದ್ಯಲ್ಲ" ಎಂದಳು. "ಏಳು ಮನೆ ಉಪ್ಪು. ಹಿಂದಿನ ಕಾಲದಲ್ಲಿ ಹಾಗೂ ಮಾಡ್ತಿದ್ರಂತೆ, ನಮ್ಮಜ್ಜಿ ಹೇಳ್ತಿದ್ರು."

ಅವಳಜ್ಜಿ ಅಂಥದ್ದೇನೂ ಹೇಳಿರಲಿಲ್ಲ. ಆದರೆ ಮಿನೆಯಮ್ಮನ ಮುಖ ಅರಳಿತು. ವಾರದೊಳಗೆ ಏಳು ಮನೆ ಉಪ್ಪಿನ ಪುರಾತನ ಪದ್ಧತಿಯ ಬಗ್ಗೆ ಊರಿನ ಮುದುಕಿಯರು ತಮಗೂ ನೆನಪಿದೆ ಎಂದು ಸಾಕ್ಷಿ ಹೇಳತೊಡಗಿದರು. ಒಬ್ಬಳಂತೂ ಉಪ್ಪನ್ನು ಎಡಗೈಯಲ್ಲಿ ತೆಗೆದುಕೊಳ್ಳಬಾರದು ಎಂಬ ನಿಯಮವನ್ನೂ ನೆನಪಿಸಿಕೊಂಡಳು.

"ಇನ್ನೊಂದು ಮಾತು" ಎಂದಳು ಮಿನೆಯಮ್ಮ, ಸೆಕಿ ಏಳುವಾಗ. "ಸಾಸಾ ಮನೆಗೆ ಆ ಬಾಯಿ ಇಟ್ಕೊಂಡು ಬರೋ ಹಾಗಿಲ್ಲ. ತಪ್ಪು ತಿಳೀಬೇಡ. ನಮ್ಮ ಕಡೆ ಹೆಂಗಸ್ರೆಲ್ಲ ಬೆಳ್ಳಗಿರೋವಾಗ, ಮುಂದ್ಗಡೆ ಕೂರೋಳು ಒಲೆ ಗೂಡಿನ ಹಾಗಿದ್ರೆ ಚೆನ್ನಾಗಿರುತ್ತಾ?"

ಮೂವತ್ತೈದು ವರ್ಷ ಊರೆಲ್ಲ ಹೊಗಳಿದ ಬಾಯಿಗೆ ಒಲೆ ಗೂಡು ಎಂಬ ಹೆಸರು ಬಂತು. ಸೆಕಿ ಬೇರೆ ಯಾರಿಗಾದರೂ ಆಗಿದ್ದರೆ ಏಳೇಳು ತಲೆಮಾರಿಗೆ ಸಾಲುವಷ್ಟು ಉತ್ತರ ಕೊಡುತ್ತಿದ್ದಳು. ಅಂದು ತಲೆ ತಗ್ಗಿಸಿ, "ಆಗ್ಲಿ ಮಿನೆಯಮ್ಮ" ಎಂದಳು.

ಅವಳು ಜಿಂಪಾಚಿಯ ಮಸೆಗಲ್ಲಿನ ಮುಂದೆ ಕೂತದ್ದು ಹತ್ತನೆಯ ತಿಂಗಳ ಒಂದು ಮಧ್ಯಾಹ್ನ. ಉಳಿ ಮಸೆದು ಉಳಿದ ಕೆಸರನ್ನು ಬಟ್ಟೆಯಲ್ಲಿ ತೆಗೆದುಕೊಂಡು, ಉಮೆ ಹುಳಿಯಲ್ಲಿ ಅದ್ದಿ ಉಜ್ಜಿದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆಗೆ ಇಂಥದೊಂದು ಅರ್ಥ ಇದೆಯೆಂದು ಹಿರಿಯರಿಗೂ ಗೊತ್ತಿದ್ದಿರಲಾರದು. ಮೊದಲ ದಿನ ಹಲ್ಲು ಕಂದಾದವು, ಎರಡನೆಯ ದಿನ ಬೂದಿ ಬಣ್ಣ, ಮೂರನೆಯ ದಿನ ಒಸಡಿನಿಂದ ರಕ್ತ. ಅದು ಸುಲಭವಾಗಿ ಬಿಡುವ ಕಪ್ಪಲ್ಲ. ತನ್ನ ಕೆಲಸ ತಾನೇ ಎಷ್ಟು ಗಟ್ಟಿಯಾಗಿ ಮಾಡಿದ್ದೆ ಎಂದು ನೋವಿನ ನಡುವೆಯೂ ಸೆಕಿಗೆ ಹೆಮ್ಮೆಯಾಯಿತು. ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಸಲ ಹಚ್ಚಿಸಿಕೊಂಡಾಗ ಒಸಡು ಉರಿದು ಅತ್ತಿದ್ದಳು. ಆಗ ಹೇಳಿದ್ದರು, ಸಹಿಸ್ಕೋ, ಚೆಂದ ಅಂದ್ರೆ ಹಾಗೇ. ಈಗ ತೆಗೆಯುವಾಗಲೂ ಅದೇ ಉರಿ. ಹಚ್ಚಲೂ ಕೊಡಬೇಕು, ತೆಗೆಯಲೂ ಕೊಡಬೇಕು, ಎರಡು ಕಡೆಯಿಂದಲೂ ವಸೂಲಿ ಮಾಡುವ ಸುಂಕ ಇದೊಂದೇ.

ಆ ಹೊತ್ತಿಗೇ ಕುಮಾ ಹಿತ್ತಲಿಗೆ ಬಂದಳು. ಕೆಂಪಾದ ಬಟ್ಟೆ, ಬಿಳಿ ಹಲ್ಲು ನೋಡಿ ತೊಟ್ಟಿ ಕೆಳಗಿಟ್ಟು ನಿಂತುಬಿಟ್ಟಳು.

"ಅವ್ವ, ಏನ್ ಮಾಡ್ಕೊಂಡೆ ಇದು?"

"ಕಾಣಲ್ವಾ? ನಾಗರಿಕಳಾದೆ" ಎಂದಳು ಸೆಕಿ, ಗಾಳಿ ತಾಗಿ ಹಲ್ಲು ಜುಮ್ಮೆಂದು ಬಾಯಿ ಮುಚ್ಚಿಕೊಳ್ಳುತ್ತ. "ಆ ಗಡಿಗೆ ಪೂರ್ತಿ ತಗೊಂಡ್ಹೋಗು. ನಂಗಿನ್ನು ಬೇಡ. ಮನೆ ತುಂಬ ವಾಸನೆ."

ಕುಮಾ ಗಡಿಗೆ ಎತ್ತಿಕೊಂಡು, ಕಣ್ಣು ಒರೆಸಿಕೊಂಡು ಹೋದಳು. ಸಂಜೆ ಜಿಂಪಾಚಿ ಊಟಕ್ಕೆ ಕೂತವನು ಹೆಂಡತಿಯ ಮುಖ ತುಂಬ ಹೊತ್ತು ನೋಡಿದ. ಮದುವೆಯ ದಿನವೇ ಕಪ್ಪು ಹಲ್ಲಿನಲ್ಲಿ ಬಂದವಳ ಬಿಳಿ ಹಲ್ಲನ್ನು ಅವನು ನೋಡುತ್ತಿದ್ದುದು ಇದೇ ಮೊದಲು.

"ಹಲ್ಲು ಚೆನ್ನಾಗಿದೆ" ಎಂದ. "ಯಾರದು?"

ಸೆಕಿ ಸೌಟು ಎತ್ತಿ ತೋರಿಸಿದಳು. ಆದರೆ ಅಂದಿನಿಂದ ಅವನ ಮುಂದೆಯೂ ತೋಳಿನ ಅಂಚು ಬಾಯಿಗೆ ಅಡ್ಡ ಹಿಡಿದೇ ನಕ್ಕಳು.

ಮದುವೆಯ ದಿನ ದಿಬ್ಬಣ ಓಬಾನಜಾವಾಕ್ಕೆ ಹೊರಟಾಗ ತೆಳುವಾಗಿ ಹಿಮ ಬೀಳುತ್ತಿತ್ತು. ಬೆಳಿಗ್ಗೆ ಏಳು ಮನೆಯ ಉಪ್ಪು ಶಾಸ್ತ್ರ ನಡೆದಿತ್ತು. ಸೆಕಿ ಕುಂಚವನ್ನು ಉಪ್ಪಿನಲ್ಲಿ ಅದ್ದಿ ಫುಮಿಯ ಹಲ್ಲಿಗೆ ಮುಟ್ಟಿಸಿದ್ದಳು, ಫುಮಿ ಉಗುಳಿದ್ದಳು, ಎಲ್ಲರೂ ಶುಭವೆಂದಿದ್ದರು. ಸೆಕಿಗೆ ಮಾತ್ರ ಏನೂ ಮಾಡಿದ ಹಾಗಾಗಿರಲಿಲ್ಲ. ಇರಲಿ, ಮುಖ್ಯವಾದದ್ದು ಮಣೆ. ಬಿಳಿ ಹಲ್ಲಿನ ಹನ್ನೊಂದು ಹೆಂಗಸರು ಹಿಮಕ್ಕೆ ತಲೆಯ ಮೇಲೆ ಬಟ್ಟೆ ಹೊದ್ದು ನಡೆದರು. ಗಂಡಸರ ಗುಂಪಿನಲ್ಲಿ ಹಲ್ಲುತಾಯಿಯ ಗಂಡನೆಂದು ಜಿಂಪಾಚಿಯೂ ಇದ್ದ. ಅರಗಿನ ಪೆಟ್ಟಿಗೆಗಳನ್ನು ಹೊರಲು ಗಟ್ಟಿ ಹೆಗಲು ಬೇಕೆಂದು ಕುಮಾಳನ್ನೂ ಕರೆದಿದ್ದರು. "ಹೊರಗೇ ಇರು, ಬಾಯಿ ಮಾತ್ರ ತೆಗೀಬೇಡ" ಎಂದು ಮಿನೆಯಮ್ಮ ಮೊದಲೇ ಹೇಳಿದ್ದಳು.

ಓಬಾನಜಾವಾ ಓಯಿಶಿದದಿಂದ ಅರ್ಧ ದಿನದ ದಾರಿಯೂ ಇಲ್ಲ. ಆದರೆ ತೋಕ್ಯೋದ ಸುದ್ದಿ ದೋಣಿಯಲ್ಲಿ ಬರುವಂಥದ್ದು, ದೋಣಿ ಇಲ್ಲದ ಊರಿಗೆ ತಡವಾಗಿ ನಡೆದುಕೊಂಡು ಬರುತ್ತದೆ. ಸಾಸಾ ಮನೆಯ ಹೆಂಗಸರ ಬಾಯೆಲ್ಲ ಕಪ್ಪು. ಪಂಕ್ತಿ ಕೂರಿಸುವ ಕೆಲಸ ಗೊಹೇ ಎಂಬ ಮುದಿ ಪಾರುಪತ್ತೆಗಾರನದು. ಅವನಿಗೆ ದೂರದ ಕಣ್ಣು ಮಂಜು, ಹತ್ತಿರದ ಕಣ್ಣು ಅದಕ್ಕಿಂತ ಮಂಜು. ನಲವತ್ತು ವರ್ಷದಿಂದ ಅವನು ಒಂದೇ ಸೂತ್ರದಲ್ಲಿ ಪಂಕ್ತಿ ಕೂರಿಸಿದವನು: ಬಾಗಿಲಲ್ಲಿ ಹೆಂಗಸರು ಶುಭ ಕೋರಲು ಬಾಯಿ ತೆರೆದಾಗ ನೋಡುವುದು. ಕಪ್ಪು ಬಾಯಿ ಮುತ್ತೈದೆ, ಮೇಲಿನ ಸಾಲು. ಬಿಳಿ ಬಾಯಿ ಮದುವೆಯಾಗದ ಹುಡುಗಿ ಇಲ್ಲವೆ ಮನೆಗೆಲಸದವಳು, ಕೆಳಗಿನ ಸಾಲು.

ಮಿನೆಯಮ್ಮ ಶುಭ ಕೋರಿದಳು. ಗೊಹೇ ಅವಳ ಬಾಯಿಯ ಕಡೆ ಬಗ್ಗಿ ನೋಡಿ, "ಆ ಕಡೆ ಹೋಗು ಮಗೂ" ಎಂದ.

ಹೆಣ್ಣಿನ ತಾಯಿಯನ್ನು ಬಟ್ಟಲು ತೊಳೆಯುವ ಹುಡುಗಿಯರ ಪಕ್ಕ ಕೂರಿಸಿದರು. ಅವಳ ಹಿಂದೆ ಅಕ್ಕಿ ಮಂಡಿಯ ಹೆಂಡತಿ, ಅವಳ ಹಿಂದೆ ಉಳಿದವರು, ಕೊನೆಯಲ್ಲಿ ಹಲ್ಲುತಾಯಿ ಸೆಕಿ. ಬೀಗರ ಮನೆಯಲ್ಲಿ ಮೊದಲ ದಿನವೇ ಜಗಳ ತೆಗೆಯುವ ಹಾಗಿಲ್ಲ. ಮಿನೆಯಮ್ಮ ಮುಖಕ್ಕೆ ಹಚ್ಚಿದ್ದ ಬಿಳಿ ಹಿಟ್ಟು ಬಿರುಕು ಬಿಡುವಷ್ಟು ನಗುತ್ತ ಕೂತಳು. ಪಂಕ್ತಿಭೇದ ಮಾಡಿದವರಿಗೆ ಏನು ಪಾಪ ಬರುತ್ತದೋ ಗೊತ್ತಿಲ್ಲ, ಮಾಡಿಸಿಕೊಂಡವರ ಸೊಂಟ ಮಾತ್ರ ಬಾಗಿಲ ಗಾಳಿಗೆ ಹಿಡಿದುಕೊಂಡಿತು. ಊರಿಗೆ ಹಿಂತಿರುಗಿದ ಮೇಲೆ ಅವಳು ಓಬಾನಜಾವಾದಂಥ ಹಳೇ ಮನೆತನಗಳಲ್ಲಿ ಮುಖ್ಯ ಅತಿಥಿಗಳನ್ನು ಕೆಳಗೇ ಕೂರಿಸುತ್ತಾರೆಂದು ಹೇಳಿಕೊಂಡು ತಿರುಗಿದಳು. ಅದನ್ನು ನಂಬಿ, ಮುಂದಿನ ವರ್ಷ ಓಯಿಶಿದದ ಒಂದು ಮದುವೆಯಲ್ಲಿ ಕೆಳಗಿನ ಮಣೆಗಾಗಿ ಇಬ್ಬರು ಹೆಂಗಸರು ತುರುಬು ಹಿಡಿದುಕೊಂಡರು.

ಅತ್ತ ಗಂಡಸರ ಸಾಲಿನಲ್ಲಿ ವರನ ಸೋದರಮಾವ, ಹೆಂಡತಿ ಸತ್ತು ಎರಡು ವರ್ಷವಾದವನು, ಸಾಕೆ ಬಟ್ಟಲಿನ ಮೇಲಿಂದ ಸೆಕಿಯ ಕಡೆಗೇ ನೋಡುತ್ತಿದ್ದ. ಪಕ್ಕದವನನ್ನು ಮೊಣಕೈಯಿಂದ ತಿವಿದು ಕೇಳಿದ. ಆ ಪಕ್ಕದವನು ಜಿಂಪಾಚಿ.

"ಆ ಕೊನೇಲಿರೋ ಹುಡುಗಿ, ಸ್ವಲ್ಪ ವಯಸ್ಸಾಗಿದೆ, ಆದ್ರೂ ಪರವಾಗಿಲ್ಲ. ಯಾರ ಮನೇದು?"

"ನಮ್ಮನೇದೇ" ಎಂದ ಜಿಂಪಾಚಿ. "ಮೂವತ್ತೈದು ವರ್ಷದಿಂದ ನಮ್ಮನೇಲೇ ಇದೆ."

ಅಷ್ಟರಲ್ಲಿ ಗೊಹೇ ಹೊರಗೆ ಪೆಟ್ಟಿಗೆ ಇಳಿಸುತ್ತಿದ್ದ ಕುಮಾಳನ್ನು ಕಂಡ. ಹೆಗಲ ನೋವಿಗೆ ಅವಳು ಬಾಯಿ ತೆರೆದು ಉಸಿರು ಬಿಟ್ಟದ್ದೇ ತಪ್ಪು. "ಅಯ್ಯಯ್ಯೋ, ತಾಯೀ, ಇದೇನು! ನೀವು ಹೊರಗೆ ನಿಂತಿದೀರಾ?" ಎಂದು ಅಂಗಲಾಚಿ, ಬೇಡ ಬೇಡವೆಂದರೂ ಕೇಳದೆ, ಹೆಣ್ಣಿನ ಕಡೆಯ ಹಿರಿಯಳೆಂದು ಕರೆತಂದು ಮೊದಲ ಮಣೆಯ ಮೇಲೆ ಕೂರಿಸಿದ. ಎದುರಿಗೆ ಶುಭಕ್ಕೆಂದು ಇಡಿಯಾಗಿ ಸುಟ್ಟ ತಾಯ್ ಎಂಬ ಕೆಂಪು ಮೀನು ಬಂತು. ಪಕ್ಕದಲ್ಲಿ ವರನ ಅಜ್ಜಿ ತೊಕುಯಮ್ಮ, ಎಂಬತ್ತರ ಮುದುಕಿ, ಕೂತಿದ್ದಳು.

ಸೆಕಿ ನೋಡಿದಳು. ಹತ್ತು ವರ್ಷ ಆಸೆಪಟ್ಟ ಮಣೆ ಅದೇ. ಸುಮ್ಮನೆ ಇದ್ದಿದ್ದರೆ, ಏನೂ ಮಾಡದೆ ಮನೆಯಲ್ಲಿ ಕೂತು ಹಳೆಯ ಕಪ್ಪನ್ನೇ ಹಚ್ಚಿಕೊಂಡಿದ್ದರೆ, ಅದು ತನ್ನದಾಗುತ್ತಿತ್ತು. ಅವಳಿಗೆ ಸಿಟ್ಟು ಬಂತು. ಮೊದಲು ಕುಮಾಳ ಮೇಲೆ, ಆಮೇಲೆ ಮಿನೆಯಮ್ಮನ ಮೇಲೆ, ಕೊನೆಗೆ ತನ್ನ ಮೇಲೆ. ಆ ಕೊನೆಯದು ಹೋಗಲಿಲ್ಲ.

ಕುಮಾ ಬಾಡಿದ ಮುಖ ಮಾಡಿಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಎದ್ದು, ಊಟದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಇಡೀ ಕೋಣೆ ದಾಟಿ ಬಂದು ಸೆಕಿಯ ಕೆಳಗೆ, ಹೊಸಿಲಿಗೆ ತಾಗಿ ಕೂತಳು. ಗೊಹೇ ಓಡಿಬಂದ. "ತಾಯಿ, ಏನ್ ಇದು, ನಮ್ಮ ಮರ್ಯಾದೆ ತೆಗೀತೀರಾ?"

"ಅವ್ವನಿಗಿಂತ ಮೇಲೆ ಕೂರೋಕಾಗುತ್ತಾ?" ಎಂದಳು ಕುಮಾ.

ತೊಕುಯಮ್ಮ ಅಲ್ಲಿಂದಲೇ ಕೇಳಿದಳು. "ಯಾವ ಅವ್ವ?"

"ಇವ್ರು. ನನ್ನ ಹಲ್ಲುತಾಯಿ."

"ಆ ಬಿಳಿ ಬಾಯಿಯವ್ಳಾ?" ಮುದುಕಿ ಕೋಲೂರಿ ಎದ್ದು ಬಂದಳು. ಸೆಕಿಯ ಮುಂದೆ ನಿಂತು, "ತೆಗಿ ಬಾಯಿ" ಎಂದಳು. ಸೆಕಿ ತೋಳು ಇಳಿಸಿ ಬಾಯಿ ತೆರೆದಳು. ಒಸಡು ಇನ್ನೂ ಮಾಯ್ದಿರಲಿಲ್ಲ. ಮುದುಕಿ ಕುಮಾಳ ಹೊಳೆಯುವ ಹಲ್ಲನ್ನೂ ಸೆಕಿಯ ಹಲ್ಲನ್ನೂ ಒಮ್ಮೆ ನೋಡಿದಳು. "ಅಂಥ ಕಪ್ಪು ಹಚ್ಚೋ ಕೈ ಇಟ್ಕೊಂಡು ಇದೇನೇ ಈ ಗತಿ? ಸೊಸೆಯ ಹಲ್ಲುತಾಯೀನೂ ಬರ್ತಾಳೆ ಅಂದಿದ್ರು. ಯಾರಿಗೆ ಹಲ್ಲುತಾಯಿ ನೀನು? ನಮ್ಮ ಸೊಸೆಗೋ, ಇವಳಿಗೋ?"

ಮುದುಕಿ ಏಳುವಾಗಲೇ ಮಂಡಿಯಲ್ಲಿ ಸರಿದು ಪಕ್ಕಕ್ಕೆ ಬಂದಿದ್ದ ಮಿನೆಯಮ್ಮ ಸೆಕಿಯ ತೊಡೆ ಚಿವುಟಿದಳು. ಚಿವುಟಿದ್ದರ ಅರ್ಥ ಸೆಕಿಗೆ ಗೊತ್ತಿತ್ತು. ಇಬ್ಬರಿಗೂ ಎಂದರೆ ಶಿಬಾ ಮನೆಯ ಮಗಳು ತೋಫು ಮಾರುವವಳಿಗೆ ತಂಗಿಯಾಗುತ್ತಾಳೆ, ಅದೂ ಬೀಗರ ಎದುರಿಗೆ. ಇವಳು ನನಗೆ ಯಾರೂ ಅಲ್ಲ ಎಂದರೆ ಸಾಕು, ಮಿಕ್ಕದ್ದು ಮಿನೆಯಮ್ಮ ನೋಡಿಕೊಳ್ಳುತ್ತಾಳೆ, ಫುಮಿ ತನ್ನ ಮಗಳಾಗಿ ಉಳಿಯುತ್ತಾಳೆ. ಹೊಸಿಲ ಬಳಿ ಕುಮಾ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೂ ಅದು ಗೊತ್ತಿತ್ತು, ಸೆಕಿ ಏನು ಹೇಳಿದರೂ ತಾನು ಬೇಸರಪಡುವುದಿಲ್ಲ ಎಂಬ ಹಾಗೆ ಕೂತಿದ್ದಳು. ಅದನ್ನು ನೋಡಿ ಸೆಕಿಗೆ ತಡೆಯಲಾಗಲಿಲ್ಲ.

"ಇವಳಿಗೇ, ಅಮ್ಮಾ" ಎಂದಳು. "ಇವಳು ನನ್ನ ಮಗಳು. ಆ ಮಗೂಗೆ ನಾನು ಏನೂ ಹಚ್ಚಿಲ್ಲ. ಉಪ್ಪು ಮುಟ್ಟಿಸ್ದೆ, ಅವಳು ಉಗುಳಿದ್ಲು. ಅಷ್ಟೆ."

ಮಿನೆಯಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಇನ್ನು ಆ ಮನೆಯ ಬಾಗಿಲು ಹೂ ಬಿಡಿಸುವ ಕೆಲಸಕ್ಕೂ ತೆರೆಯುವುದಿಲ್ಲವೆಂದು ಸೆಕಿಗೆ ತಿಳಿಯಿತು. ತೊಕುಯಮ್ಮ ಇಬ್ಬರನ್ನೂ ನೋಡಿ, "ಪದ್ಧತಿ ಪದ್ಧತಿಯೇ. ಬಿಳಿ ಬಾಯಿ ಕೆಳಗೇ ಕೂರ್ಬೇಕು" ಎಂದಳು. ಆಮೇಲೆ ಗೊಹೇ ಕಡೆ ತಿರುಗಿ, "ಆ ಮೊದಲ ಮಣೆ ಹಾಗೇ ಇರ್ಲಿ. ಯಾರೂ ಕೂರೋದು ಬೇಡ" ಎಂದು ತನ್ನ ಜಾಗಕ್ಕೆ ಹೋದಳು. ಊಟ ಮುಗಿಯುವ ತನಕ ಅದು ಖಾಲಿ ಇತ್ತು. ಬಂದುಹೋಗುವವರೆಲ್ಲ ಅದನ್ನು ಬಳಸಿಕೊಂಡು ನಡೆದರು.

ಒಣಗಿಸಿದ ಬೊಂಡಾಸ್ ಮೀನು ಬಡಿಸಿದರು. ಅಗಿದಷ್ಟೂ ಮುಗಿಯದ್ದು, ಮದುವೆಯೂ ಹಾಗೇ ಬಾಳಲಿ ಎಂದು ಬಡಿಸುವುದು. ಬಿಳಿ ಹಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದನ್ನು ಕಿಮೋನೊ ತೋಳಿನೊಳಗಿನ ಚೀಲಕ್ಕೆ ಸೇರಿಸಿದರು. ಸೆಕಿ ಹಟಕ್ಕೆ ಬಿದ್ದು ಒಂದು ಚೂರು ಕಚ್ಚಿದಳು. ನೋವು ಕಿವಿಯ ತನಕ ಹೋಗಿ ಕಣ್ಣಲ್ಲಿ ನೀರು ಬಂತು.

"ಕೊಡಿಲ್ಲಿ ಅವ್ವ" ಎಂದಳು ಕುಮಾ. ಚೂರನ್ನು ತನ್ನ ಕಪ್ಪು ಹಲ್ಲಿನಲ್ಲಿ ಕಚ್ಚಿ, ನಾರು ನಾರಾಗಿ ಸೀಳಿ, ಮೆತ್ತಗಿನದನ್ನು ಆರಿಸಿ ಸೆಕಿಯ ಬಟ್ಟಲಿಗೆ ಹಾಕಿದಳು. ಆಮೇಲೆ ಇನ್ನೊಂದು ಚೂರು ತೆಗೆದುಕೊಂಡಳು. ಸೆಕಿ ನಿಧಾನವಾಗಿ ಒಂದು ಪಕ್ಕದಲ್ಲಿ ಅಗಿಯತೊಡಗಿದಳು.